ಸ್ನಾನ ಮಾಡಿ ಹೋಗಿ

"ಮದುವೆ ಅಂತ ಆದ್ರೆ ನಮ್ಮ ಹಿತ್ತಲಲ್ಲೇ ಅಪ್ಪಾ, ನಿಂಬೆ ಗಿಡದ ಕೆಳಗೆ" ಎಂದು ಮಗಳು ಹೇಳಿದ ದಿನದಿಂದ ಡ್ರೈವಿಂಗ್ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅರ್ಧ ಆಯಸ್ಸನ್ನು ಬೇರೆಯವರ ಪಕ್ಕದ ಸೀಟಿನಲ್ಲಿ ಕಳೆದ ಮನುಷ್ಯ. ಎದುರಿಗೆ ಲಾರಿ ಬಂದರೂ ದನಿ ಏರಿಸದೆ "ನಿಧಾನ, ನಿಧಾನ" ಎನ್ನುವವರು. ಅಂಥವರು ಈಗ ಪಾಠದ ನಡುವೆಯೇ ಹಾಡತೊಡಗಿದ್ದರು. ಅವರ ಹಾಡಿಗೆ ಬೆದರಿ ಬ್ಯಾಂಕಿನ ಅಧಿಕಾರಿಯೊಬ್ಬ ಕಾರನ್ನು ಎರಡು ಸಲ ಪೆಟ್ರೋಲ್ ಬಂಕಿಗೆ ನುಗ್ಗಿಸಿದ್ದ.

ಸಂಭ್ರಮಕ್ಕೆ ಕಾರಣವಿತ್ತು. ಅಳಿಯನಾಗಲಿದ್ದವನು ಅವರ ಶಿಷ್ಯನೇ. ಕ್ಲಚ್ಚಿನ ಮೇಲಿಂದ ಕಾಲು ತೆಗೆಯಲು ಬಾರದೆ ಮನೆಮಂದಿಯ ಬಾಯಲ್ಲಿ 'ಕ್ಲಚ್ಚು' ಎಂದೇ ಹೆಸರಾಗಿದ್ದ ಹುಡುಗ. ಡ್ರೈವಿಂಗ್ ಸ್ಕೂಲಿನ ಮುಂದಿನ ಮೇಜಿನಲ್ಲಿ ಕೂತು ಎಲ್ಲರಿಗೂ ಪಾಠದ ಹೊತ್ತು ಹಂಚುತ್ತಿದ್ದವಳು ಮಗಳು. ಹುಡುಗ ಪರೀಕ್ಷೆಯಲ್ಲಿ ಫೇಲಾಗುವುದು, ಮತ್ತೆ ಬಂದು ಮೇಜಿನ ಮುಂದೆ ನಿಲ್ಲುವುದು, ಮತ್ತೆ ಫೇಲಾಗುವುದು. ಕೊನೆಗೆ ಪರೀಕ್ಷೆ ಮಾಡುವವರೇ ಬೇಸತ್ತು, "ಮೇಷ್ಟ್ರೇ, ಇವನಿಗೆ ಓಡಿಸೋಕೆ ಚೆನ್ನಾಗೇ ಬರುತ್ತೆ. ಪಾಸಾಗೋಕೆ ಯಾಕೋ ಇಷ್ಟ ಇಲ್ಲ" ಎಂದಾಗಲೇ ಗುಟ್ಟು ರಟ್ಟಾದದ್ದು.

ಹಿತ್ತಲು ದೊಡ್ಡದೇನಲ್ಲ. ನಡುವೆ ಹಾಸಿನಂಥ ಹುಲ್ಲು, ಒಂದು ಮೂಲೆಯಲ್ಲಿ ಮೈತುಂಬ ಕಾಯಿಬಿಟ್ಟ ನಿಂಬೆ, ಗೇಟಿನ ಮೇಲೆ ಕಮಾನಾಗಿ ಹಬ್ಬಿದ ಮಲ್ಲಿಗೆ ಬಳ್ಳಿ, ಗೋಡೆಯುದ್ದಕ್ಕೂ ಅತ್ತೆಯವರ ಸೊಪ್ಪಿನ ಕುಂಡಗಳು. ಅತ್ತೆ ಎಂದರೆ ಮೇಷ್ಟ್ರ ಹೆಂಡತಿಯ ತಾಯಿ. ಕಿವಿ ತುಸು ಮಂದ, ನಾಲಿಗೆ ಮಾತ್ರ ಚುರುಕು. ನಿಂಬೆಯ ಕೆಳಗೆ ಮದುವೆ ರಿಜಿಸ್ಟರಿಗೆ ಸಹಿ, ಹುಲ್ಲಿನ ಮೇಲೆ ಊಟದ ಮೇಜುಗಳು, ಆಮೇಲೆ ಬರಿಗಾಲಲ್ಲಿ ಕುಣಿತ. ಮಗಳ ಮನಸ್ಸಿನಲ್ಲಿ ಎಲ್ಲವೂ ಚಿತ್ರದಂತೆ ಕೂತಿತ್ತು. "ಬರಿಗಾಲಲ್ಲಿ, ಗೊತ್ತಾಯ್ತಾ ಅಪ್ಪಾ? ಹುಲ್ಲು ಮೆತ್ತಗಿರ್ಬೇಕು." ಮೇಷ್ಟ್ರು ಅದನ್ನು ಆಜ್ಞೆ ಎಂದೇ ತೆಗೆದುಕೊಂಡರು.

ಮದುವೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ನೀರು ಕಚೇರಿಯ ಜೀಪು ಬೀದಿಬೀದಿ ಸುತ್ತಿ ಮೈಕಿನಲ್ಲಿ ಕೂಗಿಕೊಂಡು ಹೋಯಿತು. ಕೆರೆ ತಳ ಕಂಡಿದೆ, ಮಳೆ ಬರುವ ತನಕ ತೋಟಕ್ಕೆ, ಹುಲ್ಲಿಗೆ ನಲ್ಲಿ ನೀರು ಬಿಡುವಂತಿಲ್ಲ, ಬಿಟ್ಟವರ ನಲ್ಲಿ ಕಟ್. ಮೇಷ್ಟ್ರು ಆಗ ಒಬ್ಬ ಗೃಹಿಣಿಗೆ ರಿವರ್ಸ್ ಹೇಳಿಕೊಡುತ್ತಿದ್ದರು. ಕೂಗು ಕಿವಿಗೆ ಬಿದ್ದದ್ದೇ ತಮ್ಮ ಕಾಲಡಿಯ ಬ್ರೇಕನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ಆಕೆಯ ಕನ್ನಡಕ ಹಾರಿ ಹಿಂದಿನ ಸೀಟಿಗೆ ಬಿತ್ತು.

ಅದಕ್ಕಿಂತ ದೊಡ್ಡ ಪೀಕಲಾಟ ಇನ್ನೊಂದಿತ್ತು. ಈ ನಿಯಮ ಮುರಿದವರನ್ನು ಹಿಡಿಯುವ ನೀರಿನ ಇನ್ಸ್‌ಪೆಕ್ಟರು ಬೇರೆ ಯಾರೂ ಅಲ್ಲ, ಕ್ಲಚ್ಚಿನ ತಾಯಿ. ಪ್ಲಂಬರುಗಳು ಆಕೆಯನ್ನು ಬೆನ್ನ ಹಿಂದೆ 'ತೂಬಮ್ಮ' ಎನ್ನುತ್ತಿದ್ದರು. ಆಕೆ ತೂಬು ಮುಚ್ಚಿದರೆ ಮತ್ತೆ ಯಾರೂ ತೆಗೆಸಲಾರರು ಎಂದು. ಗಂಡ ತೀರಿಕೊಂಡ ಮೇಲೆ ಮಗನನ್ನು ಒಬ್ಬಳೇ ಬೆಳೆಸಿದ ಹೆಂಗಸು. ಮಾತು ಕಡಿಮೆ. ಬಂದಾಗಲೆಲ್ಲ ಯಾಕೋ ತುಸು ದೂರದಲ್ಲೇ, ಕಿಟಕಿಯ ಪಕ್ಕದಲ್ಲೇ ನಿಲ್ಲುತ್ತಿದ್ದರು. ಅದು ಅಧಿಕಾರದ ಬಿಗುಮಾನ ಎಂದು ಮೇಷ್ಟ್ರು ತಿಳಿದಿದ್ದರು.

ಮಾರನೆಯ ಬೆಳಿಗ್ಗೆಯೇ ಆಕೆ ಉದ್ದನೆಯ ರಬ್ಬರ್ ಬೂಟು ಹಾಕಿಕೊಂಡು ಹಿತ್ತಲಿನ ಗೇಟಿನಲ್ಲಿ ಪ್ರತ್ಯಕ್ಷರಾದರು.

"ಬನ್ನಿ ಬನ್ನಿ, ಬೀಗಿತ್ತಿಯವ್ರೇ! ಕಾಫಿ ಮಾಡಿಸ್ಲಾ?"

"ನಾನೀಗ ಬೀಗಿತ್ತಿಯಾಗಿ ಬಂದಿಲ್ಲ, ಮೇಷ್ಟ್ರೇ. ಬೀದಿ ಪೂರ್ತಿ ನೋಡ್ತಿದೀನಿ. ನಿಮ್ಮನೇನೂ ಬೀದೀಲೇ ಇದೆ."

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮೇಷ್ಟ್ರ ಹೆಂಡತಿ ಒಳಗಿಂದ ಓಡಿ ಬಂದರು. ಅತ್ತೆ ಕುಂಡದ ಪಕ್ಕದ ಸ್ಟೂಲಿನಿಂದ ಕತ್ತು ಚಾಚಿದರು. ಇನ್ಸ್‌ಪೆಕ್ಟರು ಹುಲ್ಲಿನ ಮೇಲೊಮ್ಮೆ ಕಣ್ಣಾಡಿಸಿ, ದನಿ ತುಸು ಮೆತ್ತಗೆ ಮಾಡಿ, "ಗಾಬರಿ ಬೀಳ್ಬೇಡಿ. ನಲ್ಲಿ ನೀರು ಬೇಡ ಅಂದಿದೀವಿ, ಬಳಸಿದ ನೀರು ಬೇಡ ಅಂದಿಲ್ಲ. ಸ್ನಾನದ್ದು, ಕೈ ತೊಳೆಯೋ ಬೇಸಿನ್ನಿಂದು, ಬಟ್ಟೆ ಮೆಷಿನ್ನಿಂದು ಗಿಡಕ್ಕೆ ಬಿಡಬಹುದು. ಅಡುಗೆಮನೆ ಸಿಂಕ್‌ದು ಬೇಡ, ಜಿಡ್ಡಿರುತ್ತೆ. ಕಕ್ಕಸ್ಸಿನ ನೀರಂತೂ ಕೇಳ್ಲೇಬೇಡಿ" ಎಂದರು.

"ಅಯ್ಯೋ, ಅದನ್ನ ಯಾರು ಕೇಳಿದ್ರು?" ಎಂದರು ಅತ್ತೆ. "ಅಲ್ಲಾ, ಹಲ್ಲುಜ್ಜಿದ ನೀರು?"

"ಬೇಸಿನ್ನಲ್ಲಿ ಉಗುಳಿದ್ರೆ ಬೇಸಿನ್ ನೀರೇ."

"ನನ್ನ ಹಲ್ಲಿನ ಸೆಟ್ಟು ತೊಳೆದ ನೀರು?"

ಇನ್ಸ್‌ಪೆಕ್ಟರು ಈ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡು ಒಂದು ಕ್ಷಣ ಯೋಚಿಸಿದರು. "ಅದೂ ಆಗುತ್ತೆ."

"ಹಾಗಾದ್ರೆ ಮೊಮ್ಮಗಳ ಮದುವೇಲಿ ನಂದೂ ಒಂದು ಪಾಲು" ಎಂದು ಅತ್ತೆ ಬೊಚ್ಚು ಬಾಯಿ ಅಗಲಿಸಿದರು.

ಇನ್ಸ್‌ಪೆಕ್ಟರು ಹಿತ್ತಲ ಸುತ್ತ ನಡೆಯುತ್ತಲೇ ಉಳಿದದ್ದನ್ನು ಹೇಳಿದರು. ನೀರನ್ನು ಗಾಳಿಯಲ್ಲಿ ಚಿಮ್ಮಿಸಬಾರದು, ಪೈಪಿನ ಬಾಯಿ ಗಿಡದ ಬುಡದಲ್ಲಿ ಮರದ ಚಕ್ಕೆ, ಒಣಗಿದ ಎಲೆಯ ಹೊದಿಕೆಯ ಕೆಳಗಿರಬೇಕು. ಎಲ್ಲೂ ನಿಲ್ಲಬಾರದು, ನಿಂತರೆ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ. ಪಕ್ಕದ ಮನೆಗೆ ಹರಿಯಬಾರದು. ಇವತ್ತಿನ ನೀರು ಇವತ್ತಿಗೇ ಮುಗಿಯಬೇಕು, ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಕೊಳೆಯುತ್ತದೆ. ಬ್ಲೀಚು, ಉಪ್ಪು ಹೆಚ್ಚಿರುವ ಸೋಪಿನ ಪುಡಿ ಕೂಡದು. "ಮುಖ್ಯವಾಗಿ ಒಂದು ಮೂರು ದಾರಿ ವಾಲ್ವ್ ಹಾಕಿಸಿ. ಆಸ್ಪತ್ರೆ ಬಟ್ಟೆ ಒಗೆಯೋ ದಿನ, ತಲೆಗೆ ಬಣ್ಣ ಹಚ್ಚಿಕೊಂಡ ದಿನ ಅದನ್ನ ತಿರುಗಿಸಿ ನೀರು ಚರಂಡಿಗೆ ಕಳಿಸ್ಬೇಕು."

ತಲೆಗೆ ಬಣ್ಣ ಎಂದಾಗ ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಆಕಾಶದ ಕಡೆ ನೋಡಿದರು.

"ಆಮೇಲೆ ಸೊಪ್ಪಿಗೆ, ಹಸಿಯಾಗಿ ತಿನ್ನೋ ಗೆಡ್ಡೆಗೆ ಈ ನೀರು ಕೂಡದು" ಎನ್ನುತ್ತ ಆಕೆ ಅತ್ತೆಯವರ ಕುಂಡಗಳ ಮುಂದೆ ನಿಂತರು.

"ನನ್ನ ಹಲ್ಲಿನ ನೀರು ನನ್ನ ಸೊಪ್ಪಿಗೂ ಕೂಡದಾ?"

"ಕೂಡದು, ಅಜ್ಜಿ."

"ಹೆಣ್ಣು ಕೊಡೋದನ್ನ ಇನ್ನೊಂದ್ಸಲ ಯೋಚ್ನೆ ಮಾಡ್ಬೇಕು" ಎಂದು ಅತ್ತೆ ಮೂಗು ಮುರಿದರು. ಇನ್ಸ್‌ಪೆಕ್ಟರ ತುಟಿಯ ಮೂಲೆ ಸಣ್ಣಗೆ ಅಲುಗಿದ್ದನ್ನು ಮೇಷ್ಟ್ರೊಬ್ಬರೇ ಕಂಡರು.

ಆ ವಾರವೇ ಮಾವ-ಅಳಿಯ ಇಬ್ಬರೂ ಬಚ್ಚಲಿನ ಹಿಂದಿನ ಗೋಡೆಯ ಬುಡದಲ್ಲಿ ಮಕಾಡೆ ಮಲಗಿ ಪೈಪು ಜೋಡಿಸಿದರು. ಕ್ಲಚ್ಚು ಪಾಪ, "ಸರ್, ಆ ಸ್ಪ್ಯಾನರ್ ಕೊಡಿ ಮಾವ... ಅಲ್ಲ, ಮಾವ, ಅದನ್ನ ಹಿಡ್ಕೊಳ್ಳಿ ಸರ್" ಎಂದು ಒದ್ದಾಡುತ್ತಿದ್ದ. ಪೈಪಿನ ಕವಲುಗಳು ಒಂದು ನಿಂಬೆಯ ಬುಡಕ್ಕೆ, ಒಂದು ಮಲ್ಲಿಗೆಗೆ, ಇನ್ನೆರಡು ಹುಲ್ಲಿನ ಅಂಚಿನಲ್ಲಿ ತೋಡಿ ಚಕ್ಕೆ ತುಂಬಿದ ಸಣ್ಣ ಕಾಲುವೆಗಳಿಗೆ ಹೋದವು. ಎಲ್ಲ ಮುಗಿದಾಗ ಮೊದಲ ಸ್ನಾನದ ಗೌರವ ಮೇಷ್ಟ್ರ ಹೆಂಡತಿಗೆ ಸಿಕ್ಕಿತು. ಆಕೆ ಬಾಗಿಲು ಹಾಕಿಕೊಂಡರು. ಹೊರಗೆ ಅಪ್ಪ, ಮಗಳು, ಕ್ಲಚ್ಚು, ಅತ್ತೆ ನಾಲ್ವರೂ ಚಕ್ಕೆ ಸರಿಸಿ ಪೈಪಿನ ಬಾಯಿಯನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತರು. ಗೊಳಗೊಳ ಎಂದಿತು. ಒಂದು ಗುಳ್ಳೆ ಬಂತು. ಆಮೇಲೆ ಸೋಪಿನ ಕಂಪಿನ ನೀರು ಸಳಸಳ ಹರಿಯಿತು.

"ಬಂತು! ಬಂತು!" ನಾಲ್ವರೂ ಕೇಕೆ ಹಾಕಿದರು.

"ಏನ್ರೀ ಅದು ಬಂದಿದ್ದು?" ಬಚ್ಚಲಿನಿಂದ ಹೆಂಡತಿ ಕಿರುಚಿದರು. "ಹಾವಾ?"

"ನೀನೇ ಕಣೇ! ನೀನೇ ಬಂದೆ!" ಎಂದ ಮೇಷ್ಟ್ರು ಖುಷಿ ತಡೆಯಲಾರದೆ ಅಳಿಯನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟರು. ಅವನ ಕೈಯ ಸ್ಪ್ಯಾನರು ಪಕ್ಕದ ಮನೆಯ ಹಿತ್ತಲಿಗೆ ಹಾರಿತು.

ಕೆಲವೇ ದಿನಗಳಲ್ಲಿ ನಿಂಬೆಯ ಎಲೆ ಮಿರುಗತೊಡಗಿತು, ಮಲ್ಲಿಗೆ ಮೊಗ್ಗು ಕಟ್ಟಿತು. ಹುಲ್ಲು ಮಾತ್ರ ಮುನಿಸಿಕೊಂಡಿತು. ಎಷ್ಟು ಕುಡಿದರೂ ಸಾಲದು. ಅಂಚು ಹಳದಿಯಾಯಿತು, ಆಮೇಲೆ ನಡುವೆ ಒಂದು ಬೋಳು ಮಚ್ಚೆ ಎದ್ದಿತು, ಮೇಷ್ಟ್ರ ನೆತ್ತಿಯ ಹಾಗೆಯೇ. ಮಗಳ ಬರಿಗಾಲು ಅವರ ಕಣ್ಣ ಮುಂದೆ ಬಂದು ನಿಂತಿತು. "ನಾವು ನಾಲ್ಕೇ ಜನ, ನೀರು ಎಲ್ಲಿ ಸಾಲುತ್ತೆ?" ಎಂದು ಲೆಕ್ಕ ಹಾಕಿದ ಮೇಷ್ಟ್ರು ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಸ್ನಾನ ಶುರುಮಾಡಿದರು. ಮನೆಯವರಿಂದಲೂ ಮಾಡಿಸಿದರು. ಅತ್ತೆಗೆ ಮಧ್ಯಾಹ್ನವೂ ಒಂದು. "ಅಳಿಯಂದಿರೇ, ಚರ್ಮ ಸುಲಿದು ಬರುತ್ತೆ" ಎಂದು ಅತ್ತೆ ಗೊಣಗಿದರೂ, ಬಿಸಿನೀರು ಯಾರಿಗೆ ಬೇಡ?

"ರೀ, ಒಂದು ಮಾತು" ಎಂದರು ಹೆಂಡತಿ. "ನಲ್ಲಿ ನೀರು ಹುಲ್ಲಿಗೆ ಬಿಡಬಾರದು ಅಂದಿದಾರೆ. ಅದನ್ನ ನಮ್ಮ ಮೈಮೇಲಿಂದ ಹಾಯಿಸಿಬಿಟ್ರೆ ಬೇರೆ ನೀರಾಗ್ಬಿಡುತ್ತಾ?"

"ನಿಯಮದ ಪ್ರಕಾರ ಆಗುತ್ತೆ."

"ಬುದ್ಧಿ ಪ್ರಕಾರ?"

ಮೇಷ್ಟ್ರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದರು. ಹಾಡು ಜೋರಾಗಿಯೇ ಬಂತು. ಮನಸ್ಸಿನೊಳಗೆ ಏನೋ ಚುಚ್ಚುತ್ತಿತ್ತು ಎಂಬುದೂ ನಿಜ. ಆದರೆ ಮಾರನೆಯ ದಿನ ಬೋಳು ಮಚ್ಚೆಯ ಅಂಚಿನಲ್ಲಿ ಹಸಿರು ಕೂದಲಿನಂಥದ್ದೊಂದು ಚಿಗುರು ಕಂಡಿತು ನೋಡಿ, ಅವರ ತಲೆ ಪೂರ್ತಿ ತಿರುಗಿತು.

ಆಮೇಲಿನದು ಹೇಳಿಕೊಳ್ಳುವಂಥದ್ದಲ್ಲ. ಪಾಠ ಮುಗಿಸಿದ ಶಿಷ್ಯರು ಮನೆಯ ಮುಂದೆ ಕಾರು ನಿಲ್ಲಿಸಿ ಇಳಿಯುತ್ತಿದ್ದಂತೆ ಮೇಷ್ಟ್ರು, "ಎಷ್ಟು ಬೆವೆತಿದೀರಿ! ಬನ್ನಿ, ಒಂದು ಸ್ನಾನ ಮಾಡಿ ಹೋಗಿ" ಎನ್ನತೊಡಗಿದರು.

"ಸಾರ್, ನಾನು ಪಾರ್ಕಿಂಗ್ ಕಲಿಯೋಕೆ ಬಂದಿದ್ದು" ಎಂದ ಬ್ಯಾಂಕಿನ ಅಧಿಕಾರಿ.

"ಮೈ ಹಗುರ ಆದ್ರೆ ಪಾರ್ಕಿಂಗ್ ತಾನಾಗೇ ಬರುತ್ತೆ. ಸೋಪು ಒಳಗಡೇನೇ ಇದೆ."

ಆ ಮನುಷ್ಯ ಒದ್ದೆ ತಲೆಯಲ್ಲಿ ಹೊರಬಂದವನೇ ಕಾರನ್ನು ಎರಡು ಲಾರಿಗಳ ನಡುವೆ ಒಂದೇ ಏಟಿಗೆ ನಿಲ್ಲಿಸಿಬಿಟ್ಟ. ಸುದ್ದಿ ಹಬ್ಬಿತು. ಶಿಷ್ಯರು ತಾವಾಗಿಯೇ ಟವೆಲ್ಲು ತರತೊಡಗಿದರು. "ನಮ್ಮನೆ ಏನು ಬಸ್ ಸ್ಟ್ಯಾಂಡಾ?" ಎಂದು ರೇಗಿದ ಹೆಂಡತಿ, ಮನೆಯೊಳಗೆ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತು ನಕ್ಕುಬಿಟ್ಟರು. ಹುಲ್ಲು ಎದ್ದು ನಿಂತಿತು. ಮಗಳು ಅದರ ಮೇಲೆ ಬರಿಗಾಲಲ್ಲಿ ಓಡಾಡಿ ಅಪ್ಪನ ಕೆನ್ನೆ ಹಿಂಡಿದಳು. ಅವಳಿಗೆ ಬೆಳಗಿನಿಂದ ಸಂಜೆಯವರೆಗೂ ಸ್ಕೂಲಿನ ಮೇಜಿನ ಕೆಲಸ. ಮನೆಯಲ್ಲಿ ನಡೆಯುತ್ತಿದ್ದ ಈ ಸ್ನಾನದ ಜಾತ್ರೆ ಅರ್ಧಕ್ಕರ್ಧ ಗೊತ್ತೇ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ, ಊಟಕ್ಕೆ ಏನೇನು ಮಾಡಿಸುವುದೆಂದು ಮಾತಾಡಲು ಬೀಗಿತ್ತಿಯವರು ಮಗನ ಜೊತೆ ಬಂದರು. ಕೆಲಸದಿಂದ ನೇರವಾಗಿ ಬಂದದ್ದು. ಬೂಟನ್ನು ಗೇಟಿನ ಹೊರಗೇ ಬಿಟ್ಟು, ಎಂದಿನಂತೆ ಕಿಟಕಿಯ ಪಕ್ಕ ಹೋಗಿ ನಿಂತರು. ಎಲ್ಲರ ಮುಖದಲ್ಲೂ ನಗು. ಅತ್ತೆ ತಮ್ಮ ಹಲ್ಲಿನ ಸೆಟ್ಟು ಹಾಕಿಕೊಂಡಿದ್ದರು, ಅದು ದೊಡ್ಡ ಮರ್ಯಾದೆಯ ಗುರುತು. ಆದರೆ ಮೇಷ್ಟ್ರ ಗಮನವೆಲ್ಲ ಹಿತ್ತಲ ಮೇಲೆ. ಅಂದು ಒಬ್ಬ ಶಿಷ್ಯನೂ ಬಂದಿರಲಿಲ್ಲ; ಹುಲ್ಲು ಬಾಡಿತ್ತು. ಮನೆಗೆ ಬಂದಿರುವವರು ಇಬ್ಬರು. ಇಬ್ಬರೆಂದರೆ ಎರಡು ಸ್ನಾನ. ಅವರ ಬುದ್ಧಿ ಅಷ್ಟಕ್ಕೇ ನಿಂತಿತು.

ಎದ್ದು ಹೋಗಿ ಹೊಸ ಟವೆಲ್ಲೊಂದು, ಹೊಸ ಸೋಪೊಂದು ತಂದು ಬೀಗಿತ್ತಿಯವರ ಮುಂದೆ ಎರಡೂ ಕೈಯಲ್ಲಿ ಹಿಡಿದರು.

"ಮೊದಲು ಒಂದು ಸ್ನಾನ ಮಾಡ್ಬಿಡಿ, ಬೀಗಿತ್ತಿಯವ್ರೇ. ಆಮೇಲೆ ಕೂತು ಮಾತಾಡೋಣ."

ಬೀಗಿತ್ತಿಯವರ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಿವಿಯವರೆಗೂ ಕೆಂಪಾಯಿತು. ಆಕೆಯ ಕೈ ತನಗರಿವಿಲ್ಲದೆ ತೋಳಿನ ಬಟ್ಟೆಯನ್ನು ಮೂಗಿನ ಹತ್ತಿರ ತಂದದ್ದನ್ನು ಎಲ್ಲರೂ ನೋಡಿದರು.

"ಇವತ್ತು ದೊಡ್ಡ ಮೋರಿ ನೋಡೋಕೆ ಇಳಿದಿದ್ದೆ" ಎಂದರು, ಬಹಳ ಸಣ್ಣ ದನಿಯಲ್ಲಿ. "ಬಟ್ಟೆ ಬದಲಾಯಿಸಿಯೇ ಬಂದಿದ್ದೆ. ಸಾಲ್ದು ಅನ್ಸುತ್ತೆ." ಹೊರಗೆ ಹೋಗಿ ಬೂಟು ಕೈಯಲ್ಲೇ ಹಿಡಿದುಕೊಂಡು ಬರಿಗಾಲಲ್ಲೇ ಬೀದಿಗಿಳಿದರು. ಕ್ಲಚ್ಚು "ಸರ್... ಮಾವ... ಸರ್..." ಎಂದು ಎರಡು ಸಲ ತಿರುಗಿ ನೋಡಿ ತಾಯಿಯ ಹಿಂದೆ ಓಡಿದ.

ಮೇಷ್ಟ್ರು ಟವೆಲ್ಲು ಹಿಡಿದುಕೊಂಡೇ ಬೆಪ್ಪಾಗಿ ನಿಂತಿದ್ದರು.

"ಏನಂದ್ರು?" ಎಂದರು ಅತ್ತೆ.

"ನಮ್ಮಪ್ಪ ಅವ್ರಿಗೆ 'ನೀವು ನಾರ್ತಿದೀರಿ' ಅಂದ್ರು, ಅಜ್ಜಿ!" ಮಗಳ ಕಣ್ಣಲ್ಲಿ ನೀರು ತುಂಬಿತ್ತು. "ಅಪ್ಪಾ, ಅವರಿಗೆ ಜೀವಮಾನವೆಲ್ಲ ಇದೊಂದೇ ಕೊರಗು. ಅವರ ಮಗ ಸ್ಕೂಲಲ್ಲಿ ಓದ್ತಿದ್ದಾಗ ಹುಡುಗ್ರು 'ಮೋರಿ ಮಗ' ಅಂತ ಮೂಗು ಮುಚ್ಕೊಳ್ತಿದ್ರಂತೆ. ಆವತ್ತಿಂದ ಅವರು ಯಾರ ಮನೆಗೆ ಹೋದ್ರೂ ಕಿಟಕಿ ಹತ್ರಾನೇ ನಿಲ್ಲೋದು. ನಿನಗೆ ಸ್ನಾನದ ಹುಚ್ಚು ಯಾಕೆ ಹಿಡೀತು?"

ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಹೇಳಿದರು. ಹೇಳುತ್ತ ಹೇಳುತ್ತ ದನಿ ಕುಗ್ಗುತ್ತ ಹೋಯಿತು. ಮಗಳು ಕಣ್ಣೊರೆಸಿಕೊಂಡು ಕೇಳಿದಳು, ನಂಬಲಾರದೆ ಮತ್ತೊಮ್ಮೆ ಕೇಳಿದಳು. ಅಷ್ಟರಲ್ಲಿ ಕ್ಲಚ್ಚಿನ ಫೋನು ಬಂತು. ಅಮ್ಮ ಮನೆಗೆ ಬಂದಾಗಿನಿಂದ ಸ್ನಾನದ ಮೇಲೆ ಸ್ನಾನ ಮಾಡುತ್ತಿದ್ದಾಳೆ, ಬಚ್ಚಲಿನಿಂದ ಹೊರಗೆ ಬರುತ್ತಲೇ ಇಲ್ಲ ಎಂದ.

'ಅಯ್ಯೋ, ಆ ನೀರೆಲ್ಲ ಚರಂಡಿ ಪಾಲಾಯ್ತಲ್ಲ' ಎಂಬ ಯೋಚನೆ ಮೇಷ್ಟ್ರಿಗೆ ಮೊದಲು ಬಂತು. ಬಂದದ್ದೇ ನಾಲಿಗೆ ಕಚ್ಚಿಕೊಂಡರು. ತಾನು ಎಲ್ಲಿಗೆ ಬಂದು ಮುಟ್ಟಿದ್ದೇನೆ ಎಂದು ಅವರಿಗೆ ಆಗ ಹೊಳೆಯಿತು.

ದಾರಿ ಎರಡೇ. ಸುಮ್ಮನಿದ್ದರೆ ಹುಲ್ಲು ಉಳಿಯುತ್ತದೆ, ನಲ್ಲಿ ಉಳಿಯುತ್ತದೆ, ಆದರೆ ಆ ಹೆಂಗಸು ಮಗನ ಮದುವೆಯಲ್ಲಿ ಗೇಟಿನ ಹೊರಗೇ ನಿಂತಿರುತ್ತಾರೆ. ನಿಜ ಹೇಳಿದರೆ? ನೀರಿನ ಇನ್ಸ್‌ಪೆಕ್ಟರ ಎದುರು ನೀರು ಕದ್ದೆ ಎಂದು ತಾನೇ ಹೋಗಿ ಒಪ್ಪಿಕೊಂಡ ಹಾಗೆ.

ಬೆಳಿಗ್ಗೆ ಮೇಷ್ಟ್ರು ಅಂದಿನ ಪಾಠಗಳನ್ನೆಲ್ಲ ರದ್ದು ಮಾಡಿ ನೀರು ಕಚೇರಿಗೆ ಹೋದರು. ಉದ್ದನೆಯ ಕೋಣೆ, ಗೋಡೆಯ ಮೇಲೆ ಪೈಪುಗಳ ನಕ್ಷೆ, ಕಪಾಟಿನಲ್ಲಿ ಮಾದರಿ ನೀರು ತುಂಬಿದ ಬಾಟಲಿಗಳು, ಕೌಂಟರಿನ ಮುಂದೆ ದೂರು ಹೇಳಲು ಬಂದ ಜನ. ಕೊನೆಯ ಮೇಜಿನಲ್ಲಿ ಬೀಗಿತ್ತಿಯವರು ಕೂತಿದ್ದರು. ಸೆಂಟಿನ ವಾಸನೆ ಬಾಗಿಲವರೆಗೂ ಬರುತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ಬಾಗಿಲಿನಿಂದಲೇ ಕೂಗಿಬಿಟ್ಟರು.

"ನೀವು ನಾರ್ತಿರ್ಲಿಲ್ಲ!"

ಕೌಂಟರಿನ ಜನವೆಲ್ಲ ತಿರುಗಿದರು.

"ಮೇಷ್ಟ್ರೇ, ಮೆಲ್ಲಗೆ" ಎಂದರು ಬೀಗಿತ್ತಿಯವರು.

"ಮೆಲ್ಲಗೆ ಹೇಳೋ ವಿಷಯ ಅಲ್ಲ ಇದು. ನಿನ್ನೆ ನನಗೆ ಬೇಕಾಗಿದ್ದು ನಿಮ್ಮ ಸ್ನಾನ ಅಲ್ಲ, ನಿಮ್ಮ ಸ್ನಾನದ ನೀರು! ಹುಲ್ಲಿಗೆ! ನಮ್ಮನೇಲಿ ಎಲ್ಲರೂ ದಿನಕ್ಕೆ ಎರಡು ಸಲ ಮೀತೀವಿ. ನಮ್ಮತ್ತೆ ಮೂರು. ನನ್ನ ಶಿಷ್ಯರೆಲ್ಲ ನಮ್ಮನೇಲೇ ಸ್ನಾನ. ಬ್ಯಾಂಕಿನೋರಿಗಂತೂ ಬೆನ್ನು ಕೂಡ ನಾನೇ ಉಜ್ಜಿದೀನಿ, ಹೆಚ್ಚು ನೀರು ಹೋಗ್ಲಿ ಅಂತ! ನಿಮ್ಮನ್ನ ನೋಡಿದಾಗ ನನಗೆ ಕಂಡಿದ್ದು ಎರಡು ಬಕೆಟ್ಟು, ಅಷ್ಟೇ. ಮೂಗಿಗೂ ಅದಕ್ಕೂ ಸಂಬಂಧಾನೇ ಇಲ್ಲ."

ಬೀಗಿತ್ತಿಯವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಮುಖದಲ್ಲಿ ಏನೂ ಕಾಣಲಿಲ್ಲ.

"ಬೆನ್ನು ಉಜ್ಜಿದ್ರಾ?"

"ಉಜ್ಜಿದೆ."

"ಬ್ಯಾಂಕಿನೋರಿಗೆ?"

"ಅವ್ರೂ ಬೇಡ ಅನ್ಲಿಲ್ಲ."

ಮೊದಲು ಆಕೆಯ ಭುಜ ಅಲುಗಿತು. ಆಮೇಲೆ ಮೂಗಿನಿಂದ ಪುಸಕ್ಕೆಂದು ಒಂದು ಸದ್ದು ಬಂತು. ಆಮೇಲೆ ತಡೆಯಲಾಗಲಿಲ್ಲ. ಆಕೆ ಮೇಜಿನ ಮೇಲೆ ತಲೆಯಿಟ್ಟು, ಹೊಟ್ಟೆ ಹಿಡಿದುಕೊಂಡು, ಬಿಕ್ಕಳಿಕೆ ಬರುವಷ್ಟು ನಕ್ಕರು. ಆ ಕಚೇರಿಯಲ್ಲಿ ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲವಂತೆ; ಪಕ್ಕದ ಮೇಜಿನ ಗುಮಾಸ್ತ ಹೆದರಿ ಕುಡಿಯುವ ನೀರು ತಂದ. ಮೇಷ್ಟ್ರೂ ನಗತೊಡಗಿದರು. ಕೌಂಟರಿನ ಮುಂದಿನ ಜನಕ್ಕೂ ಅದು ತಗುಲಿತು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಜಗಳಕ್ಕೆ ಬಂದಿದ್ದ ಒಬ್ಬರು ಯಾಕೆ ನಗುತ್ತಿದ್ದೇನೆಂದು ಗೊತ್ತಿಲ್ಲದೆಯೇ ಕಣ್ಣೊರೆಸಿಕೊಂಡರು.

ನಗು ಇಳಿದ ಮೇಲೆ ಆಕೆ ಬೆನ್ನು ನೆಟ್ಟಗೆ ಮಾಡಿ ಕೂತರು. "ಈಗ ಇನ್ಸ್‌ಪೆಕ್ಟರ್ ಮಾತಾಡ್ತಾಳೆ. ತೋಟಕ್ಕೆ ನೀರು ಬಿಡಬೇಡಿ ಅಂದ್ರೆ ಅದನ್ನ ಜನರ ಮೇಲೆ ಹಾಯಿಸಿ ಬಿಡ್ತೀರಲ್ಲ, ನಾಚಿಕೆ ಆಗ್ಬೇಕು. ಮೀಟರು ಗಿರ್ರಂತ ತಿರುಗಿರುತ್ತೆ. ಹೇಗೂ ಮಾಡೋ ಸ್ನಾನದ ನೀರು ವ್ಯರ್ಥ ಆಗ್ದಿರ್ಲಿ ಅಂತ ಈ ನಿಯಮ. ನೀರಿಗೋಸ್ಕರ ಸ್ನಾನ ಮಾಡಿ ಅಂತಲ್ಲ. ಇದು ಮೊದಲ ಎಚ್ಚರಿಕೆ. ಇನ್ನೊಂದು ಸಲ ಶಿಷ್ಯರ ತಲೆ ಒದ್ದೆ ಕಂಡ್ರೆ ನಿಮ್ಮ ನಲ್ಲಿ ನಾನೇ ಮುಚ್ತೀನಿ."

"ಆಯ್ತಮ್ಮ" ಎಂದರು ಮೇಷ್ಟ್ರು ತಲೆ ತಗ್ಗಿಸಿ.

"ಈಗ ಬೀಗಿತ್ತಿ ಮಾತಾಡ್ತಾಳೆ." ದನಿ ತಟ್ಟನೆ ಬದಲಾಯಿತು. "ನಿಜವಾಗ್ಲೂ ವಾಸನೆ ಇರ್ಲಿಲ್ವಾ?"

ಮೇಷ್ಟ್ರು ಕುರ್ಚಿಯನ್ನು ಆಕೆಯ ಪಕ್ಕಕ್ಕೇ ಎಳೆದುಕೊಂಡು ಕೂತರು. "ಇರ್ಲಿಲ್ಲ. ಈಗ ಸೆಂಟಿಂದು ಸ್ವಲ್ಪ ತಲೆನೋವು ಬರ್ತಿದೆ."

ಸಂಜೆ ಇಡೀ ಸಂಸಾರ ಹುಲ್ಲಿನ ಸುತ್ತ ನಿಂತಿತ್ತು, ಆಸ್ಪತ್ರೆಯಲ್ಲಿ ರೋಗಿಯ ಸುತ್ತ ನಿಂತ ಹಾಗೆ. ಬೀಗಿತ್ತಿಯವರು ಮೊದಲ ಸಲ ಎಲ್ಲರ ನಡುವೆ, ಅತ್ತೆಯ ಸ್ಟೂಲಿಗೆ ಒರಗಿಕೊಂಡೇ ನಿಂತಿದ್ದರು. "ಮನೆಯ ಸ್ನಾನದ ನೀರು ನಿಂಬೆಗೆ, ಮಲ್ಲಿಗೆಗೆ ಸಾಕಾಗುತ್ತೆ. ಹುಲ್ಲಿಗೆ ಸಾಲಲ್ಲ. ಒಂದನ್ನ ಬಿಡ್ಬೇಕು" ಎಂದರು.

ಮೇಷ್ಟ್ರು ಅಪರಾಧಿಯಂತೆ ಮಗಳ ಕಡೆ ನೋಡಿದರು. "ನಿನ್ನ ಬರಿಗಾಲು..."

"ಅಯ್ಯೋ ಅಪ್ಪಾ!" ಮಗಳು ಹಣೆ ಬಡಿದುಕೊಂಡಳು. "ಊರ ಜನಕ್ಕೆಲ್ಲ ಮೀಸಿದ್ದು ನನ್ನ ಕಾಲಿಗೋಸ್ಕರಾನಾ? ನಾನು ಚಪ್ಪಲಿ ಹಾಕ್ಕೋತೀನಿ!"

ಅಷ್ಟು ಸುಲಭವಾಗಿತ್ತು ಅದು. ಅತ್ತೆ ಮೊದಲು ನಕ್ಕರು, ಆಮೇಲೆ ಮಿಕ್ಕವರೆಲ್ಲ.

ಊರಿನ ರಸ್ತೆ ಬದಿಯ ಮರಗಳನ್ನು ಸವರಿದಾಗ ಬಂದ ಕೊಂಬೆಗಳನ್ನು ಯಂತ್ರಕ್ಕೆ ಕೊಟ್ಟು ಚಕ್ಕೆ ಮಾಡಿ ರಾಶಿ ಹಾಕಿರುತ್ತಾರೆ, ಬೇಕಾದವರು ಒಯ್ಯಬಹುದು, ಹುಲ್ಲಿನ ಜಾಗಕ್ಕೆ ಅದನ್ನೇ ಹಾಸಿ ಎಂದು ಬೀಗಿತ್ತಿಯವರೇ ತಿಳಿಸಿದರು. ಡ್ರೈವಿಂಗ್ ಸ್ಕೂಲಿನ ಕಾರು ಆ ವಾರವೆಲ್ಲ ಚಕ್ಕೆ ಸಾಗಿಸಿತು. ಶಿಷ್ಯರಿಗೆ ಭಾರ ತುಂಬಿದ ಗಾಡಿ ಓಡಿಸುವ ಪಾಠವೂ ಆಯಿತು. ಒಣಗಿದ ಹುಲ್ಲಿನ ಮೇಲೆ ಅದನ್ನು ಮೊಣಕಾಲೆತ್ತರ ಸುರಿದು, ಎಲ್ಲರೂ ಸೇರಿ ಕುಂಟೆ ಎಳೆದು ಹರಡಿದರು. ಹಿತ್ತಲು ತುಂಬ ಹಸಿ ಮರದ ಸುವಾಸನೆ. ಸ್ಪ್ಯಾನರು ವಾಪಸು ಕೊಡಲು ಬಂದ ಪಕ್ಕದ ಮನೆಯ ಟೈಲರಮ್ಮ, ಕೊಟ್ಟು ಹೋಗುವ ಬದಲು ತಾವೂ ಒಂದು ಕುಂಟೆ ಹಿಡಿದರು.

ಮದುವೆಯ ದಿನ ಮಲ್ಲಿಗೆ ಕಮಾನು ಮೈಮರೆತು ಬಿರಿದಿತ್ತು. ನಿಂಬೆಯ ಕೆಳಗೆ ಹುಡುಗಿ ಸಹಿ ಹಾಕಿದಳು. ಕ್ಲಚ್ಚು ಗಡಿಬಿಡಿಯಲ್ಲಿ ತನ್ನ ಹೆಸರನ್ನೇ ತಪ್ಪು ಬರೆದ. ರಿಜಿಸ್ಟ್ರಾರು ಇನ್ನೊಂದು ಸಲ ಬರೆಸಿದರು. ಮಕ್ಕಳು ಸ್ಲೇಟಿನ ಮೇಲೆ ಗೀಚಿದಂತೆ ಬಂದರೂ ಈ ಸಲ ಸರಿಯಾಗಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಹಾಡು ಶುರುವಾಯಿತು. ಚಕ್ಕೆಯ ಮೇಲೆ ಕುಣಿದರೆ ಸ್ಪ್ರಿಂಗಿನ ಮೇಲೆ ಕುಣಿದ ಹಾಗೆ ಎಂಬುದು ಆಗಲೇ ತಿಳಿದದ್ದು. ಒಂದು ಹೆಜ್ಜೆ ಹಾಕಿದರೆ ಒಂದೂವರೆ ಹೆಜ್ಜೆ ಮೇಲೇಳುತ್ತದೆ. ಬ್ಯಾಂಕಿನವರು ಎಗರಿದರು, ಟೈಲರಮ್ಮ ಎಗರಿದರು. ಮೇಷ್ಟ್ರ ಹೆಂಡತಿ ಎಗರಿ ಬಿದ್ದು, ಬಿದ್ದಲ್ಲೇ ಮೆತ್ತಗಿದೆ ಎಂದು ಸ್ವಲ್ಪ ಹೊತ್ತು ಮಲಗಿದರು.

ಬೀಗಿತ್ತಿಯವರು ಗುಂಪಿನ ನಟ್ಟ ನಡುವೆ ಇದ್ದರು. ಬೂಟಿಲ್ಲದೆ, ಸೆಂಟಿಲ್ಲದೆ, ಬೆವರಿನಲ್ಲಿ ತೊಯ್ದು, ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು. "ಬನ್ನಿ ಮೇಷ್ಟ್ರೇ!" ಎಂದು ಕೂಗಿದರು. ಮೇಷ್ಟ್ರು ಒಂದು ಕೈಯಲ್ಲಿ ಅತ್ತೆಯನ್ನು ಸ್ಟೂಲಿನಿಂದ ಎಬ್ಬಿಸಿ, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ಅವರ ಕಡೆ ಹೊರಟರು. ಅತ್ತೆ ಕಾಲೆತ್ತಿಟ್ಟ ಮೊದಲ ಹೆಜ್ಜೆಗೇ ಚಕ್ಕೆ ಪುಟಿಸಿತು. "ಅಯ್ಯಯ್ಯೋ, ಹಾರ್ತಿದೀನಿ ಕಣೇ!" ಎಂದು ಅಜ್ಜಿ ಮೊಮ್ಮಗಳ ಕೊರಳಿಗೆ ಜೋತುಬಿದ್ದು ಚಿಕ್ಕ ಹುಡುಗಿಯ ಹಾಗೆ ಕಿರುಚಿದರು. "ಬಿಡಬೇಡ್ರೇ, ಬಿಡಬೇಡಿ! ಇನ್ನೊಂದ್ಸಲ! ಇನ್ನೊಂದ್ಸಲ!"